ಮೆಣಸಿನ ಗಿಡಕ್ಕೆ ಎಷ್ಟು ದೊಡ್ಡ ಕುಂಡ?



ಈ ಸಲದ ಪಾಠ ಕುಂಡದಲ್ಲಿ ಮೆಣಸಿನ ಗಿಡ ಬೆಳೆಸುವದರ ಕುರಿತು. ‘ಎಕರೆಗಟ್ಟಲೆ ಎರೆ ಹೊಲ ಇದ್ದವರಿಗೆ ಕುಂಡದ ಗಿಡ ಯಾತಕ್ಕೆ? ಅದು ಹುಬ್ಬಳ್ಳಿ-ಧಾರವಾಡದ ಪೇಟೆಯವರ ಹವ್ಯಾಸ’ ಎಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುವೆ.

ಕುಂದಗೋಳ, ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ ಕಡೆಯ ಹೊಲಗಳಿಗೆ ತಲೆಮಾರಿನಿಂದ ಬಂದದ್ದು ಬ್ಯಾಡಗಿ ಜಾತಿಯ ಮೆಣಸಿನಕಾಯಿ. ಬಣ್ಣ ಗಾಢ, ಖಾರ ಕಡಿಮೆ, ಒಣಗಿದ ಮೇಲೆ ಮೈತುಂಬ ನಿರಿಗೆ. ಈ ಬಣ್ಣಕ್ಕಾಗಿಯೇ ವ್ಯಾಪಾರಸ್ಥರು ಅದನ್ನು ಹುಡುಕಿಕೊಂಡು ಬರುತ್ತಾರೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆಯಿತು. ಆದರೆ ಸುತ್ತಲಿನ ಹೊಲಗಳಲ್ಲಿ ಖಾರದ ಸಂಕರ ತಳಿಗಳು ತುಂಬಿಕೊಂಡಿರುವಾಗ ನಮ್ಮ ಹಳೆಯ ಕಡ್ಡಿ, ಡಬ್ಬಿ ಬೀಜಗಳು ಬೆರಕೆಯಾಗದೆ ಉಳಿಯುವದು ಕಷ್ಟ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ಜೇನು ಮೊದಲಾದ ಹುಳುಗಳು ಪಕ್ಕದ ಹೊಲದ ಪರಾಗವನ್ನು ತಂದು ಸೇರಿಸುತ್ತವೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತಳಿಯ ಮೆಣಸಿನಿಂದ ೨೦೦ ಮೀಟರು ದೂರ ಇರಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಹೊಲವನ್ನು ಎತ್ತಿ ಆಚೆ ಇಡಲಾಗದು, ಕುಂಡವನ್ನು ಇಡಬಹುದು. ಮಳೆ ಕೈಕೊಟ್ಟು ಹೊಲದ ಬೆಳೆ ಒಣಗಿದ ವರ್ಷವೂ ಹಿತ್ತಲದ ಹತ್ತು ಕುಂಡಗಳಿಗೆ ಮನೆಯ ನೀರು ಸಾಲುತ್ತದೆ. ಆ ಹತ್ತು ಗಿಡಗಳು ಉಳಿದರೆ ಮನೆತನದ ಬೀಜ ಉಳಿದಂತೆ. ಊಟಕ್ಕೆ ಹಸಿಮೆಣಸಿನಕಾಯಿ ಸಿಗುವದು ಬೇರೆ.

ಹಳ್ಳಿಗಳಲ್ಲಿ ತಿರುಗುವಾಗ ನಾನು ಕಂಡ ಮಟ್ಟಿಗೆ, ಕುಂಡದ ಗಿಡ ಕೆಡುವದಕ್ಕೆ ಹೆಚ್ಚಿನ ಕಾರಣ ಕುಂಡದ ಅಳತೆಯೇ. ಕೈಗೆ ಸಿಕ್ಕ ಒಡಕು ಮಗಿಯಲ್ಲಿ ಗಿಡ ಹಚ್ಚುತ್ತಾರೆ. ಇಲ್ಲವೆ ‘ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂದು ನಾಲ್ಕು ಎಲೆಯ ಅಗಿಯನ್ನು ದೊಡ್ಡ ಹರವಿಯಲ್ಲಿ ಹಚ್ಚುತ್ತಾರೆ. ಎರಡೂ ತಪ್ಪೇ.

ಮೊದಲು ಅಳತೆ. ಪಟ್ಟಿ ಹುಡುಕುವದು ಬೇಡ, ಕೈಯೇ ಸಾಕು. ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಯವರೆಗೆ ಚಾಚಿದರೆ ಒಂದು ಚೋಟು, ಅಂದರೆ ಸುಮಾರು ೬ ಇಂಚು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿದರೆ ಒಂದು ಗೇಣು, ಸುಮಾರು ೯ ಇಂಚು. ಎರಡು ಚೋಟು ಕೂಡಿದರೆ ೧೨ ಇಂಚು. ನಮ್ಮ ಕೆಲಸಕ್ಕೆ ಈ ಮೂರು ಅಳತೆಗಳು ಸಾಕು. ಇಲ್ಲಿ ಕಣ್ಣಿಗೆ ಮೋಸವಾಗುವ ಒಂದು ಮಾತಿದೆ. ಅಗಲ, ಉದ್ದ, ಆಳ ಮೂರೂ ೬ ಇಂಚು ಇರುವ ಪೆಟ್ಟಿಗೆಯಲ್ಲಿ ೨೧೬ ಘನ ಇಂಚು ಮಣ್ಣು ಹಿಡಿಯುತ್ತದೆ. ೯ ಇಂಚಿನದರಲ್ಲಿ ೭೨೯, ೧೨ ಇಂಚಿನದರಲ್ಲಿ ೧೭೨೮. ಸಾಲಿಗೆ ಹೋಗುವ ಮಗನಿಂದ ಗುಣಿಸಿ ನೋಡಿಸಿರಿ. ಕುಂಡ ನೋಡಲಿಕ್ಕೆ ಇಮ್ಮಡಿಯಾದರೆ ಒಳಗಿನ ಮಣ್ಣು ಎಂಟು ಪಟ್ಟಾಗುತ್ತದೆ. ದುಂಡು ಕುಂಡದಲ್ಲಿ ಅಂಕಿ ಕಡಿಮೆಯಾದರೂ ಲೆಕ್ಕದ ಪ್ರಮಾಣ ಅದೇ. ಚೋಟು ಕುಂಡದಿಂದ ಗೇಣು ಕುಂಡಕ್ಕೆ ಹೋದರೂ ಬೇರಿಗೆ ಮೂರು ಪಟ್ಟಿಗಿಂತ ಹೆಚ್ಚು ಮಣ್ಣು ಸಿಗುತ್ತದೆ.

ಸಣ್ಣ ಕುಂಡದಲ್ಲಿ ಏನಾಗುತ್ತದೆಂಬುದು ನಿಮಗೆ ಗೊತ್ತಿದ್ದದ್ದೇ. ಬೇರು ಗೋಡೆಗೆ ತಾಗಿ ಸುತ್ತ ತಿರುಗಿ ಸಿಂಬಿಯಾಗುತ್ತದೆ. ಗಿಡ ಎತ್ತರವಾಗದೆ ಅವಸರದಿಂದ ಹೂ ಬಿಡುತ್ತದೆ. ಮಣ್ಣು ಸ್ವಲ್ಪವೇ ಇರುವದರಿಂದ ಮುಂಜಾನೆ ಹಾಕಿದ ನೀರು ಮಧ್ಯಾಹ್ನಕ್ಕೆ ತೀರುತ್ತದೆ. ಒಂದೆರಡು ಸಲ ಹಾಗೆ ಬಾಡಿದರೆ ಹೂವೂ ಹೀಚೂ ಉದುರಿಹೋಗುತ್ತವೆ. ಬೀಜಕ್ಕಾಗಿ ಬೆಳೆಸುವವರಿಗೆ ಇದು ದೊಡ್ಡ ಹಾನಿ, ಯಾಕಂದರೆ ಬೀಜದ ಕಾಯಿ ಗಿಡದ ಮೇಲೆಯೇ ಪೂರ್ತಿ ಹಣ್ಣಾಗಬೇಕು. ಅಲ್ಲಿಯವರೆಗೆ ಗಿಡಕ್ಕೆ ತ್ರಾಣ ಬೇಕು.

ದೊಡ್ಡ ಕುಂಡದ ತೊಂದರೆ ಅಷ್ಟು ಸುಲಭವಾಗಿ ತಿಳಿಯುವದಿಲ್ಲ. ಸಣ್ಣ ಅಗಿಯ ಬೇರು ಒಂದು ಹಿಡಿ ಮಣ್ಣಿನ ನೀರನ್ನಷ್ಟೇ ಕುಡಿಯಬಲ್ಲದು. ಉಳಿದ ಮಣ್ಣು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹಸಿ ಮಣ್ಣಿನಲ್ಲಿ ಗಾಳಿ ಆಡುವದಿಲ್ಲ, ಗಾಳಿ ಇಲ್ಲದ ಬೇರು ಕೊಳೆಯುತ್ತದೆ. ಕೆಳಗಿನ ಎಲೆ ಹಳದಿಯಾದದ್ದನ್ನು ಕಂಡು ಮನೆಯವರು ‘ನೀರು ಸಾಲದು’ ಎಂದು ಮತ್ತೊಂದು ತಂಬಿಗೆ ಸುರಿಯುತ್ತಾರೆ. ಗಿಡ ಅಲ್ಲಿಗೆ ಮುಗಿಯಿತು.

ಆಳದ ಮಾತನ್ನೂ ಇಲ್ಲಿಯೇ ಹೇಳಿಬಿಡುವೆ. ಗಾಡಿ ತೊಳೆಯುವ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ ಅಂಗೈ ಮೇಲೆ ಅಡ್ಡ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಹಿಂಡದೆ ಉದ್ದಕ್ಕೆ ನೆಟ್ಟಗೆ ಹಿಡಿಯಿರಿ. ಮತ್ತೆ ನೀರು ಇಳಿಯುತ್ತದೆ! ಕುಂಡದ ಮಣ್ಣೂ ಹೀಗೆಯೇ. ತಳದಲ್ಲಿ ತೂತಿದ್ದರೂ ಕೆಳಗಿನ ಕೆಲವು ಬೆರಳು ಮಣ್ಣು ನೀರು ತುಂಬಿಕೊಂಡೇ ಇರುತ್ತದೆ. ಆಳವಾದ ಕುಂಡದಲ್ಲಿ ಅದರ ಮೇಲೆ ಗಾಳಿಯಾಡುವ ಮಣ್ಣು ಸಾಕಷ್ಟು ಉಳಿಯುತ್ತದೆ. ಬೋಗುಣಿಯಂಥ ತಗ್ಗು ಕುಂಡದಲ್ಲಿ ಉಳಿಯುವದಿಲ್ಲ. ಆದ್ದರಿಂದ ಮೆಣಸಿಗೆ ಅಗಲದಷ್ಟೇ ಆಳವೂ ಇರಲಿ, ಆಳ ತುಸು ಹೆಚ್ಚಿದ್ದರೆ ಇನ್ನೂ ಮೇಲು. ತಳಕ್ಕೆ ಕಲ್ಲು ತುಂಬುವ ರೂಢಿಯಿಂದ ಲಾಭವಿಲ್ಲ. ಕಲ್ಲು ತುಂಬಿದಷ್ಟು ಮಣ್ಣಿನ ಆಳವೇ ಕಡಿಮೆಯಾಗುತ್ತದೆ. ಕಿರುಬೆರಳು ಹೋಗುವಷ್ಟು ತೂತುಗಳನ್ನು ಎರಡು ಮೂರು ಕಡೆ ಮಾಡಿ, ಮಣ್ಣು ಹರಿದುಹೋಗದಂತೆ ಒಡೆದ ಹಂಚಿನ ಚೂರನ್ನು ಓರೆಯಾಗಿ ಇಟ್ಟರಾಯಿತು.

ಹಾಗಾದರೆ ಯಾವಾಗ ಯಾವ ಕುಂಡ? ಬೀಜ ಹಾಕುವದು ಮಡಿಯಲ್ಲಾಗಲಿ, ತೆಂಗಿನ ನಾರಿನ ಪುಡಿ ತುಂಬಿದ ೯೮ ಗುಳಿಯ ಪ್ರೋಟ್ರೇಯಲ್ಲಾಗಲಿ, ಯಾವುದೂ ನಡೆಯುತ್ತದೆ. ಮೊಳಕೆಗೆ ಎಂಟು ದಿನದಿಂದ ಎರಡು ವಾರ ಹಿಡಿಯುತ್ತದೆ. ಬಿತ್ತಿ ಸುಮಾರು ೪೦ ದಿನಗಳಾದ ಮೇಲೆ ಅಗಿ ಕೀಳಲು ಬರುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆ ಕಾಲಮಾನ ನೋಡಿ ಇಡಬೇಕು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಧಾರವಾಡ, ಕಲಘಟಗಿ ಕಡೆ ವಾರಗಟ್ಟಲೆ ಬಿಸಿಲೇ ಬೀಳುವದಿಲ್ಲ. ಆಗ ಅಗಿಯನ್ನು ನೇರ ದೊಡ್ಡ ಕುಂಡಕ್ಕೆ ಹಾಕಬೇಡಿರಿ. ಚೋಟು ಕುಂಡದಲ್ಲಿ ಅಥವಾ ಅಷ್ಟೇ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಮೂರು ನಾಲ್ಕು ವಾರ ಇಟ್ಟು ಆಮೇಲೆ ದೊಡ್ಡದಕ್ಕೆ ಒಯ್ಯಿರಿ. ಹಿಂಗಾರಿನಲ್ಲಿಯೋ ಬೇಸಿಗೆಯ ಮೊದಲಿನಲ್ಲಿಯೋ ಹಚ್ಚುವದಾದರೆ ಮಣ್ಣು ಬೇಗ ಆರುವದರಿಂದ ನಡುವಿನ ಕುಂಡವನ್ನು ಬಿಡಬಹುದು. ಪುಸ್ತಕಗಳಲ್ಲಿ ನಾಲ್ಕೈದು ಸಲ ಕುಂಡ ಬದಲಿಸಲು ಹೇಳಿರುವದುಂಟು. ಹಿಮ ಬೀಳುವ ದೇಶಗಳಲ್ಲಿ ಗಿಡವನ್ನು ತಿಂಗಳುಗಟ್ಟಲೆ ಮನೆಯೊಳಗೆ ಇಡುವವರಿಗೆ ಅದು ಸರಿಯಿರಬಹುದು. ಹೊಲದ ಕೆಲಸದ ನಡುವೆ ನಮಗೆ ಅಷ್ಟು ಪುರಸತ್ತೂ ಇಲ್ಲ, ಗರಜೂ ಇಲ್ಲ.

ಬದಲಿಸುವ ಹೊತ್ತು ಬಂದಿತೋ ಇಲ್ಲವೋ ಎಂಬುದನ್ನು ಬೇರನ್ನೇ ಕೇಳಿರಿ. ಹಿಂದಿನ ದಿನ ನೀರು ಹಾಕಿ, ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಕುಂಡವನ್ನು ಬೋರಲು ಮಾಡಿ ಅಂಚನ್ನು ಮೆಲ್ಲಗೆ ತಟ್ಟಿರಿ. ಮಣ್ಣು ಉದುರಿ ಬಿದ್ದರೆ ಇನ್ನೂ ಹೊತ್ತಿದೆ. ಬಿಳಿ ಬೇರುಗಳು ಮಣ್ಣಿನ ಮುದ್ದೆಯನ್ನು ಬಲೆಯಂತೆ ಹಿಡಿದುಕೊಂಡಿದ್ದರೆ ಅದೇ ತಕ್ಕ ವೇಳೆ. ಬೇರು ಕಂದಾಗಿ ಹಗ್ಗದಂತೆ ಸುತ್ತಿಕೊಂಡಿದ್ದರೆ ತಡವಾಗಿದೆ. ಆಗ ಸುತ್ತನ್ನು ಬೆರಳಿನಿಂದ ಬಿಡಿಸಿ, ಬಿಡದಿದ್ದರೆ ಎರಡು ಮೂರು ಕಡೆ ಉದ್ದಕ್ಕೆ ಕೊಯ್ದು ಹಚ್ಚಿರಿ, ಮತ್ತು ಎರಡು ದಿನ ನೆರಳಿನಲ್ಲಿಡಿರಿ. ಕೊಯ್ಯಲು ಅಂಜಬೇಡಿರಿ. ಸುತ್ತಿದ ಬೇರನ್ನು ಹಾಗೆಯೇ ಬಿಟ್ಟರೆ ಹೊಸ ಮಣ್ಣಿನಲ್ಲಿಯೂ ಅದು ಸುತ್ತುತ್ತಲೇ ಇರುತ್ತದೆ.

ಕೊನೆಯ ಕುಂಡದ ಅಳತೆ ಜಾತಿಯ ಮೇಲೆ ಹೋಗುತ್ತದೆ. ಪುಸಾ ಜ್ವಾಲಾದಂಥ ಕುಳ್ಳ, ಪೊದೆಯಂಥ ಗಿಡಕ್ಕೆ ಗೇಣು ಅಗಲ, ಗೇಣು ಆಳದ ಕುಂಡ ಸಾಕು. ಬ್ಯಾಡಗಿ ಕಡ್ಡಿಯಾಗಲಿ ಡಬ್ಬಿಯಾಗಲಿ ಹಾಗಲ್ಲ, ಅದು ಟೊಂಗೆ ಚಾಚಿ ಹರಡುವ ಗಿಡ. ಅದಕ್ಕೆ ೧೨ ಇಂಚಿಗೆ ಕಡಿಮೆ ಬೇಡ, ಬದಿಗೆ ಒಂದು ಕೋಲನ್ನೂ ನೆಡಿರಿ. ಮಲೆನಾಡ ಕಡೆಯಿಂದ ತರುವ ಜೀರಿಗೆ ಮೆಣಸು ವರ್ಷಗಟ್ಟಲೆ ಬದುಕಿ ಕಂಟಿಯಾಗುವಂಥದ್ದು. ಅದಕ್ಕೆ ಇದಕ್ಕಿಂತ ದೊಡ್ಡದಾದರೂ ನಡೆದೀತು. ಕುಂಡವೊಂದಕ್ಕೆ ಗಿಡ ಒಂದೇ. ನಮ್ಮ ತಾಯಂದಿರಿಗೆ ಹುಟ್ಟಿದ ಅಗಿಯನ್ನು ಕಿತ್ತೊಗೆಯಲು ಮನಸ್ಸು ಬರುವದಿಲ್ಲ, ಮೂರು ಗಿಡ ಒಂದೇ ಕುಂಡದಲ್ಲಿ ಬಿಟ್ಟಿರುತ್ತಾರೆ.  ಹೆಚ್ಚಿನ ಅಗಿಯನ್ನು ನೆರೆಮನೆಗೆ ಕೊಡಿರಿ.

ಹಣ ಕೊಟ್ಟು ಕುಂಡ ಕೊಳ್ಳಲೇಬೇಕೆಂದಿಲ್ಲ. ೧೫ ಕಿಲೋ ಎಣ್ಣೆಯ ತಗಡಿನ ಡಬ್ಬಿ ಗೇಣು ಅಗಲ, ಒಂದೂವರೆ ಗೇಣು ಆಳ ಇರುತ್ತದೆ. ೧೬ ಲೀಟರಿಗೆ ಕಡಿಮೆಯಿಲ್ಲದಷ್ಟು ಮಣ್ಣು ಹಿಡಿಯುವ ಅದು ಬ್ಯಾಡಗಿ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ಮೇಲಿನ ತಗಡು ಕತ್ತರಿಸಿ, ಅಂಚನ್ನು ಕೈ ಕೊಯ್ಯದಂತೆ ಬಡಿದು ಮಡಚಿ, ಹೊರಗೆ ಸುಣ್ಣ ಬಳಿಯಿರಿ. ತಗಡೂ ಕರಿ ಪ್ಲಾಸ್ಟಿಕ್ಕೂ ಮಾರ್ಚ್-ಏಪ್ರಿಲ್ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತವೆ, ಆದ್ದರಿಂದ ಆ ದಿನಗಳಲ್ಲಿ ಹೊರಮೈಗೆ ಗೋಣಿ ಸುತ್ತಿರಿ. ನೆರಳು ಬೇಕಾದದ್ದು ಕುಂಡಕ್ಕೆ, ಗಿಡಕ್ಕಲ್ಲ. ಕೀಟನಾಶಕದ ಡಬ್ಬಿಯನ್ನು ಮಾತ್ರ ಎಂದಿಗೂ ಬಳಸಬೇಡಿರಿ. ಕುಂಬಾರರ ಮಣ್ಣಿನ ಕುಂಡ ತಂಪು, ಗೋಡೆಯೂ ಉಸಿರಾಡುತ್ತದೆ. ಆದರೆ ಆ ಗೋಡೆಯಿಂದಲೇ ನೀರೂ ಆರಿಹೋಗುವದರಿಂದ ಬೇಸಿಗೆಯಲ್ಲಿ ಮುಂಜಾನೆ-ಸಂಜೆ ಎರಡು ಸಲ ನೋಡಬೇಕು. ಒಡಕು ಹರವಿ ಬಳಸುವವರು ಅದರ ಹೊಟ್ಟೆಯನ್ನಷ್ಟೇ ಅಲ್ಲ, ಬಾಯನ್ನೂ ಅಳೆಯಿರಿ. ಬಾಯಿ ಕಿರಿದಾದ ಹರವಿಯಿಂದ ಬೇರಿನ ಮುದ್ದೆಯನ್ನು ಹೊರಗೆ ತೆಗೆಯಲು ಬರುವದಿಲ್ಲ. ಅದು ಕೊನೆಯ ಕುಂಡವಾಗಬಲ್ಲದು, ನಡುವಿನದಾಗಲಾರದು.

ಮಣ್ಣಿನ ವಿಷಯದಲ್ಲಿ ಎರೆ ಭೂಮಿಯ ರೈತರು ನನ್ನ ಮಾತಿಗೆ ಸಿಟ್ಟಾಗಬಹುದು. ಹೊಲದಲ್ಲಿ ಬಂಗಾರ ಬೆಳೆಯುವ ಎರೆ ಮಣ್ಣು ಕುಂಡಕ್ಕೆ ಆಗಿಬರುವದಿಲ್ಲ. ನೆನೆದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರೆಲ್ಲ ಆ ಸಂದಿಯಿಂದ ಇಳಿದು ತೂತಿನಿಂದ ಹೊರಬೀಳುತ್ತದೆ. ನೀವು ನೀರು ಹಾಕಿದೆವೆಂದು ತಿಳಿದಿರುತ್ತೀರಿ, ಬೇರಿಗೆ ಹನಿಯೂ ಮುಟ್ಟಿರುವದಿಲ್ಲ. ಎರಡು ಪಾಲು ಕೆಂಪು ಅಥವಾ ಮಸಾರಿ ಮಣ್ಣು, ಒಂದು ಪಾಲು ಪೂರ್ತಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಹಳ್ಳದ ಉಸುಕು ಕೂಡಿಸಿ ತುಂಬಿರಿ. ನೀರು ನಿಲ್ಲಲು ಅಂಚಿನಿಂದ ಎರಡು ಬೆರಳು ಖಾಲಿ ಬಿಡಿರಿ. ಯೂರಿಯಾವನ್ನು ಹೊಲದ ಕೈಯಿಂದ ಎರಚಬೇಡಿರಿ. ಕುಂಡದ ಚೂರು ಮಣ್ಣಿನಲ್ಲಿ ಅದು ಬೇರನ್ನು ಸುಟ್ಟೀತು. ಹದಿನೈದು ದಿನಕ್ಕೊಮ್ಮೆ ಗೊಬ್ಬರ ನೆನೆಸಿದ ತಿಳಿನೀರು ಸಾಕು.

ಮಾಳಿಗೆಯ ಮೇಲೆ ಇಡುವವರಿಗೆ ಒಂದು ಎಚ್ಚರಿಕೆ. ಎಣ್ಣೆ ಡಬ್ಬಿಯಷ್ಟು ದೊಡ್ಡ ಕುಂಡ ನೀರು ಕುಡಿದಾಗ ಸುಮಾರು ೨೫ ಕಿಲೋ ತೂಗುತ್ತದೆ. ಅಂಥ ಹತ್ತು ಕುಂಡಗಳೆಂದರೆ ಎರಡೂವರೆ ಕ್ವಿಂಟಲ್! ಹಳೆಯ ತೊಲೆ-ಜಂತಿಯ ಮಣ್ಣಿನ ಮಾಳಿಗೆಯ ಮೇಲೆ ಅಷ್ಟು ಭಾರ ಹೇರುವದು, ಮೇಲಾಗಿ ದಿನವೂ ಅಲ್ಲಿ ನೀರು ಇಳಿಸುವದು ಅಪಾಯ. ಅಂಗಳದಲ್ಲಿಯೋ ಹಿತ್ತಲದಲ್ಲಿಯೋ ಎರಡು ಇಟ್ಟಿಗೆಗಳ ಮೇಲೆ ಇಡಿರಿ. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಲಿ.

ಗಿಡ ಬೆಳೆದ ಮೇಲೆ ದಿನವೂ ಎಲೆಯ ಹಿಂಬದಿಯನ್ನು ನೋಡಿರಿ. ಥ್ರಿಪ್ಸ್ ನುಸಿಯೂ ಮೈಟ್ ನುಸಿಯೂ ಸೇರಿ ತರುವ ಮುಟುರು ರೋಗ ಕುಂಡದ ಗಿಡವನ್ನೂ ಬಿಡುವದಿಲ್ಲ. ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ಎಂದು ತಿಳಿಯಿರಿ. ಹತ್ತೇ ಗಿಡಗಳಾದ್ದರಿಂದ ಮೊದಲ ದಿನವೇ ಕಂಡುಹಿಡಿದು ಆ ಕುಂಡವನ್ನು ಬೇರೆ ಇಡಲು ಬರುತ್ತದೆ. ಹೊಲದಲ್ಲಿ ಈ ಅನುಕೂಲವಿಲ್ಲ.

ಬೀಜದ ಗಿಡಗಳಿಗೆ ಹೂ ಬಿಡುವ ಮೊದಲೇ ತೆಳು ಬಟ್ಟೆಯ ಗುಡಾರ ಹಾಕಿರಿ, ಹಳೆಯ ವಾಯಿಲ್ ಸೀರೆ ನಡೆಯುತ್ತದೆ. ದಿನವೂ ಮುಂಜಾನೆ ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಪರಾಗ ಉದುರಿ ಕಾಯಿ ಕಟ್ಟುತ್ತದೆ. ಕಾಯಿ ಕಟ್ಟಿದ ಮೇಲೆ ಗುಡಾರ ತೆಗೆದು, ಆ ಕಾಯಿಗಳಿಗೆ ಬಣ್ಣದ ದಾರ ಕಟ್ಟಿರಿ. ಆಮೇಲೆ ಬಯಲಿನಲ್ಲಿ ಕಟ್ಟಿದವು ಅಡಿಗೆಗೆ, ದಾರದವು ಬೀಜಕ್ಕೆ. ಒಂದೇ ಗಿಡದಿಂದ ಬೀಜ ಹಿಡಿಯಬೇಡಿರಿ. ನಿಮ್ಮ ಜಾತಿಯ ಬಣ್ಣ, ನಿರಿಗೆ, ಉದ್ದ ಸರಿಯಾಗಿ ತೋರುವ ಎಲ್ಲ ಗಿಡಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಿರಿ. ಹತ್ತು ಕುಂಡದ ಬೀಜ ಎಕರೆಗೆ ಸಾಲುವದಿಲ್ಲ. ಮರುವರ್ಷ ಅದನ್ನು ಹಿತ್ತಲದ ಒಂದು ಪಟ್ಟಿಯಲ್ಲಿ ಬೆಳೆಸಿ ಹೆಚ್ಚಿಸಿಕೊಂಡರೆ ಅದರ ಮುಂದಿನ ವರ್ಷ ಹೊಲಕ್ಕೆ ಬರುತ್ತದೆ.

ಗಿಡ ಮುಗಿದ ಮೇಲೆ ಕುಂಡದ ಮಣ್ಣನ್ನು ಹಾಗೆಯೇ ಇಟ್ಟು ಮತ್ತೆ ಮೆಣಸು ಹಚ್ಚಬೇಡಿರಿ. ಬದನೆ, ಟೊಮೆಟೊಗಳೂ ಬೇಡ, ಅವು ಮೆಣಸಿನ ಕುಲದವೇ. ಆ ಮಣ್ಣನ್ನು ಬೇಸಿಗೆಯ ಬಿಸಿಲಿಗೆ ತೆಳುವಾಗಿ ಹರವಿ ಒಣಗಿಸಿ, ಹೊಸ ಗೊಬ್ಬರ ಕೂಡಿಸಿ ಮೆಂತೆ, ಕೊತ್ತಂಬರಿಗೆ ಹಾಕಿರಿ. ಕುಂಡವನ್ನು ಸುಣ್ಣದ ನೀರಿನಿಂದ ತೊಳೆದು ಬೋರಲು ಹಾಕಿಡಿರಿ.