ಎಂಟು ದೊಡ್ಡದೋ, ಹನ್ನೆರಡು ದೊಡ್ಡದೋ?

ಆರು ವರ್ಷದ ಹಿಂದೆ ಸ್ಕೂಟರ್ ಕೊಳ್ಳಲು ಒಂದು ಲಕ್ಷ ರೂಪಾಯಿ ಸಾಲ ಬೇಕಾಗಿತ್ತು. ಶೋರೂಮಿನಲ್ಲೇ ಕೂತಿದ್ದ ಸಾಲದ ಕಂಪನಿಯ ಹುಡುಗ ಶೇ 8ರ ಬಡ್ಡಿ ಎಂದ. ನಾನು ಸದಸ್ಯಳಾಗಿದ್ದ ಸಹಕಾರ ಸಂಘದಲ್ಲಿ ಶೇ 12. ಎರಡಕ್ಕೂ ಮೂರು ವರ್ಷದ ಅವಧಿ. ಎಂಟು ಚಿಕ್ಕದು, ಹನ್ನೆರಡು ದೊಡ್ಡದು. ಅಲ್ಲೇ ಸಹಿ ಹಾಕಿ ಬಂದೆ.

ಸಾಲ ತೀರಿದ ಮೇಲೆ ಒಂದು ಸಂಜೆ ಪಾಸ್‌ಬುಕ್ ಮುಂದಿಟ್ಟುಕೊಂಡು ಕೂಡಿದೆ. ತಿಂಗಳಿಗೆ 3,444 ರೂಪಾಯಿಯಂತೆ 36 ಕಂತು, ಒಟ್ಟು ಸುಮಾರು 1,24,000. ಬಡ್ಡಿಯೇ 24,000. ಸಂಘದಲ್ಲಿ ಪಡೆದಿದ್ದರೆ ಕಂತು 3,321 ರೂಪಾಯಿ, ಬಡ್ಡಿ ಸುಮಾರು 19,570. ಕಡಿಮೆ ಎಂದು ಆರಿಸಿಕೊಂಡ ಸಾಲಕ್ಕೆ 4,400 ರೂಪಾಯಿ ಹೆಚ್ಚಿಗೆ ತೆತ್ತಿದ್ದೆ.

ನನ್ನದು ‘ಫ್ಲ್ಯಾಟ್’ ದರ. ಅಸಲು ಎಷ್ಟೇ ತೀರಿದರೂ ಕೊನೆಯವರೆಗೆ ಪೂರ್ತಿ ಲಕ್ಷದ ಮೇಲೆಯೇ ಬಡ್ಡಿ. ಕೊನೆಯ ತಿಂಗಳು ನನ್ನ ಬಾಕಿ 2,778 ರೂಪಾಯಿ ಮಾತ್ರ. ಬಡ್ಡಿ ಮೊದಲ ತಿಂಗಳಷ್ಟೇ, 667. ಸಂಘದ್ದು ‘ರೆಡ್ಯೂಸಿಂಗ್ ಬ್ಯಾಲೆನ್ಸ್’: ಉಳಿದ ಬಾಕಿಯ ಮೇಲಷ್ಟೇ ಬಡ್ಡಿ. ಆ ಅಳತೆಯಲ್ಲಿ ಹಿಡಿದರೆ ನನ್ನ ಶೇ 8 ನಿಜದಲ್ಲಿ ಶೇ 14.5ರ ಆಸುಪಾಸು.

ಇದು ನನ್ನ ಅಮ್ಮ ಸಂತೆಯಲ್ಲಿ ದಿನವೂ ಮಾಡುತ್ತಿದ್ದ ಲೆಕ್ಕವೇ. ಒಬ್ಬಾಕೆ ಹುರುಳಿಕಾಯಿ ಕಾಲು ಕೆಜಿಗೆ 25 ಎನ್ನುವಳು, ಪಕ್ಕದವಳು ಕೆಜಿಗೆ 90 ಎನ್ನುವಳು. “ಕಾಲು ಇಪ್ಪತ್ತೈದಾದ್ರೆ ಕೆಜಿ ನೂರಾಯ್ತಲ್ಲೇ” ಎಂದು ಅಮ್ಮ ಮುಂದೆ ನಡೆಯುತ್ತಿದ್ದಳು. ಯಾವುದು ಚಿಕ್ಕದು ಎಂದು ನೋಡುವ ಮೊದಲು ಎರಡನ್ನೂ ಒಂದೇ ತೂಕಕ್ಕೆ ತರುತ್ತಿದ್ದಳು. ನಾನು ಬಿಟ್ಟದ್ದು ಆ ಹೆಜ್ಜೆಯನ್ನೇ.

ಈ ಹೆಜ್ಜೆ ತಪ್ಪುವ ಜಾಗಗಳು ಇನ್ನೂ ಇವೆ. ಊರಿನಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು. ವರ್ಷಕ್ಕೆ ಶೇ 24. ಬ್ಯಾಂಕಿನ ಶೇ 12 ಅದರ ಅರ್ಧ. ಆದರೂ ಕಿವಿಗೆ ಎರಡೇ ಹಗುರ.

ಕಂತಿನ ಮೊತ್ತವೂ ಹಾಗೆಯೇ. ಅದೇ ಒಂದು ಲಕ್ಷವನ್ನು ಸಂಘದ ಶೇ 12ರಲ್ಲೇ ನಾಲ್ಕು ವರ್ಷಕ್ಕೆ ಹಂಚಿದರೆ ಕಂತು 2,633ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ 26,400ಕ್ಕೆ ಏರುತ್ತದೆ.

ದಶಾಂಶದ ಚುಕ್ಕಿಯೂ ಕಣ್ಣು ತಪ್ಪಿಸುತ್ತದೆ. ಕಳೆದ ವರ್ಷ ಅತ್ತೆಯವರು ಎರಡು ಲಕ್ಷ ರೂಪಾಯಿ ಠೇವಣಿ ಇಡಲು ಹೊರಟಿದ್ದರು. ಒಂದು ಕಡೆ ಶೇ 7.5, ಇನ್ನೊಂದು ಕಡೆ 7.15. “ಐದಕ್ಕಿಂತ ಹದಿನೈದು ಜಾಸ್ತಿ ಅಲ್ವೇನಮ್ಮ?” ಎಂದರು. ರೂಪಾಯಿ-ಪೈಸೆಯಂತೆ ಬರೆದು ತೋರಿಸಿದೆ: ಏಳು ರೂಪಾಯಿ ಐವತ್ತು ಪೈಸೆ, ಏಳು ರೂಪಾಯಿ ಹದಿನೈದು ಪೈಸೆ. ತಕ್ಷಣ ಹೊಳೆಯಿತು. ಚುಕ್ಕಿಯ ಮುಂದೆ ಅಂಕಿಗಳ ಸಂಖ್ಯೆ ಸಮ ಮಾಡಿ, 7.50 ಮತ್ತು 7.15 ಎಂದು ಬರೆದರೆ ಸಾಕು. ವರ್ಷಕ್ಕೆ 700 ರೂಪಾಯಿಯ ವ್ಯತ್ಯಾಸ ಅದು.

ಸಾಲ ಪಡೆಯುವವರಿಗೆ ಈಗ ಒಂದು ಅನುಕೂಲವಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ವೈಯಕ್ತಿಕ ಅವಧಿ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು. ಅದರಲ್ಲಿ ‘ಎಪಿಆರ್’ ಎಂಬ ಸಾಲು ಹುಡುಕಿ. ಬಡ್ಡಿಯ ಜತೆ ಸಂಸ್ಕರಣಾ ಶುಲ್ಕದಂಥ ಖರ್ಚುಗಳನ್ನೂ ಸೇರಿಸಿದ ವಾರ್ಷಿಕ ದರ ಅದು. ಎರಡು ಸಾಲಗಳನ್ನು ಒಂದೇ ತಕ್ಕಡಿಗೆ ಹಾಕಲು ಆ ಸಂಖ್ಯೆಯೇ ಬೇಕು. ಕಾಗದ ಕೈಗೆ ಬರುವ ಮೊದಲು ಕಂತನ್ನು ತಿಂಗಳುಗಳಿಂದ ಗುಣಿಸಿ, ಅಸಲನ್ನು ಕಳೆಯಿರಿ. ಗುಣಾಕಾರ, ವ್ಯವಕಲನ, ಅಷ್ಟೇ.

ಮೊನ್ನೆ ತಮ್ಮ ಫೋನ್ ಮಾಡಿ, “ಅಕ್ಕಾ, ಬೈಕಿಗೆ ಏಳು ಪರ್ಸೆಂಟಿಗೆ ಸಾಲ ಕೊಡ್ತಾರಂತೆ, ತಗೊಳ್ಲಾ?” ಎಂದ. “ತಿಂಗಳಿಗೆ ಎಷ್ಟು, ಎಷ್ಟು ತಿಂಗಳು?” ಎಂದೆ. ಕೇಳಿ ಹೇಳುತ್ತೇನೆಂದು ಫೋನಿಟ್ಟ. ಇನ್ನೂ ಸಹಿ ಹಾಕಿಲ್ಲ. ನನಗೆ ಸಮಾಧಾನ.