ಕರಿಯನ ಮಾತ್ರೆ

ನಮ್ಮ ಕಲಿಕಾ ಕೇಂದ್ರ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅಲ್ಲಿಗೆ ಒಬ್ಬ ಅಜ್ಜಿ ಬರುತ್ತಾರೆ. ಅವರ ನಾಯಿಯ ಹೆಸರು ಕರಿಯ.

ಒಂದು ದಿನ ಕರಿಯ ಅಂಗಳದಲ್ಲಿ ಬಿದ್ದ. ಕಾಲು ಸೆಟೆದುಕೊಂಡವು. ಮೈಯೆಲ್ಲ ಅದುರಿತು. ಬಾಯಲ್ಲಿ ನೊರೆ ಬಂತು.

"ಗಾಳಿ ಸೋಕಿದೆ" ಅಂದರು ಒಬ್ಬರು. "ಕಬ್ಬಿಣ ಇಡಿ" ಅಂದರು ಇನ್ನೊಬ್ಬರು.

ಅಜ್ಜಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರು. "ಇದು ಮೂರ್ಛೆರೋಗ ಕಣಮ್ಮ. ಮನುಷ್ಯರಿಗೆ ಬರೋ ಹಾಗೆ ನಾಯಿಗೂ ಬರುತ್ತೆ" ಎಂದರು ಡಾಕ್ಟರು. ಫಿನೋಬಾರ್ಬಿಟೋನ್ ಮಾತ್ರೆ ಬರೆದುಕೊಟ್ಟರು.

ಎರಡು ತಿಂಗಳು ಕರಿಯ ಬೀಳಲಿಲ್ಲ. "ವಾಸಿ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?" ಎಂದು ಅಜ್ಜಿ ನಿಲ್ಲಿಸಿಬಿಟ್ಟರು. ಮೂರನೆಯ ರಾತ್ರಿ ಕರಿಯನಿಗೆ ನಾಲ್ಕು ಸಲ ಮೂರ್ಛೆ ಬಂತು. ಜೀವ ಉಳಿದದ್ದೇ ಹೆಚ್ಚು.

'ಮಾತ್ರೆ ನಿಲ್ಲಿಸಬೇಡಿ' ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದಿತ್ತು. ಆಗ ಅಜ್ಜಿಗೆ ಓದಲು ಬರುತ್ತಿರಲಿಲ್ಲ.

ನಾವು ತಿಳಿಯೋಣ

1. ಈ ಮಾತ್ರೆ ಮೂರ್ಛೆಯನ್ನು ತಡೆಹಿಡಿಯುತ್ತದೆ. ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಜೋರಾಗಿ ಮರಳಬಹುದು. ಕಡಿಮೆ ಮಾಡುವುದಿದ್ದರೂ ಡಾಕ್ಟರೇ ಹೇಳಬೇಕು.

2. ಸಾಮಾನ್ಯವಾಗಿ ಇದನ್ನು 12 ಗಂಟೆಗೆ ಒಮ್ಮೆ ಕೊಡುತ್ತಾರೆ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಕೊಟ್ಟರೆ ಮರೆಯುವುದಿಲ್ಲ. ಒಮ್ಮೆ ಮರೆತರೆ ಎರಡು ಹೊತ್ತಿನದನ್ನು ಒಟ್ಟಿಗೆ ಕೊಡಬಾರದು.

3. ಮಾತ್ರೆಯ ಹಾಳೆಯ ಮೇಲಿನ ಅಂಕಿ ಓದಬೇಕು. 30 ಬೇರೆ, 60 ಬೇರೆ. 30ರ ಬದಲು 60 ಕೊಟ್ಟರೆ ಔಷಧಿ ಎರಡರಷ್ಟಾಗುತ್ತದೆ.

4. ಆರಿದ ಮುದ್ದೆಯ ತುಣುಕಿನಲ್ಲಿ ಮಾತ್ರೆ ಅಡಗಿಸಿ ಕೊಡಬಹುದು. ನುಂಗಿತೋ ಉಗುಳಿತೋ ನೋಡಬೇಕು.

5. ಮೊದಮೊದಲು ಮಂಪರು, ತೂರಾಟ ಇರುತ್ತದೆ. ಹಸಿವು, ಬಾಯಾರಿಕೆ ಹೆಚ್ಚಾಗುತ್ತದೆ. ಆದರೆ ಊಟ ಬಿಟ್ಟರೆ, ವಾಂತಿ ಮಾಡಿದರೆ, ಕಣ್ಣು ಹಳದಿಯಾದರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಈ ಔಷಧಿ ಈಲಿಗೆ ತೊಂದರೆ ಮಾಡಬಹುದು. ಆದ್ದರಿಂದ ಅವರು ಹೇಳಿದಾಗ ರಕ್ತಪರೀಕ್ಷೆ ಮಾಡಿಸಬೇಕು.

6. ಮನೆಯವರ ಮಾತ್ರೆಯನ್ನು ನಾಯಿಗೆ ಕೊಡಬಾರದು. ನಾಯಿಯ ಮಾತ್ರೆ ಮಕ್ಕಳ ಕೈಗೆ ಸಿಗಬಾರದು.

ಮೂರ್ಛೆ ಬಂದಾಗ

ಬಾಯಿಗೆ ಕೈ ಹಾಕಬಾರದು. ನೀರು, ಮಾತ್ರೆ ಹಾಕಬಾರದು. ನಾಯಿ ನಾಲಗೆ ನುಂಗುವುದಿಲ್ಲ. ಹತ್ತಿರದ ಕಲ್ಲು, ಸೌದೆ ಸರಿಸಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಇಲ್ಲವೇ ಒಂದೇ ದಿನದಲ್ಲಿ ಮತ್ತೆ ಮತ್ತೆ ಬಂದರೆ ಆಸ್ಪತ್ರೆಗೆ ಒಯ್ಯಿರಿ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿಯ ಆಸ್ಪತ್ರೆಯಲ್ಲೂ ನಾಯಿಗಳನ್ನು ನೋಡುತ್ತಾರೆ.

ಎಚ್ಚರಿಕೆ: ಹುಚ್ಚುನಾಯಿ ರೋಗದಲ್ಲೂ ಜೊಲ್ಲು, ನಡುಕ ಬರಬಹುದು. ಸಂಶಯವಿದ್ದರೆ ಮುಟ್ಟಬೇಡಿ. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಗಲಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಈಗ ಅಜ್ಜಿಯ ಮನೆ ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ಮಾತ್ರೆ ಕೊಟ್ಟ ಕೂಡಲೇ ಗುರುತು ಹಾಕುತ್ತಾರೆ. ಮೂರ್ಛೆ ಬಂದ ದಿನ 'ಮೂ' ಎಂದು ಬರೆಯುತ್ತಾರೆ. ಡಾಕ್ಟರಿಗೆ ಅದನ್ನೇ ತೋರಿಸುತ್ತಾರೆ. "ನಾನು ಕಲಿತ ಅಕ್ಷರ ಕರಿಯನಿಗೂ ಬಂತು ನೋಡಿ" ಎಂದು ನಗುತ್ತಾರೆ.

ಉತ್ತರ ಬರೆಯಿರಿ

1. ಕರಿಯನಿಗೆ ಮತ್ತೆ ಮೂರ್ಛೆ ಬಂದದ್ದು ಏಕೆ?
2. ಮೂರ್ಛೆ ಬಂದಾಗ ಏನು ಮಾಡಬಾರದು?
3. ನಿಮ್ಮ ಮನೆಯಲ್ಲಿರುವ ಮಾತ್ರೆಯ ಹಾಳೆಯ ಮೇಲಿನ ಅಂಕಿಗಳನ್ನು ಓದಿ, ಬರೆಯಿರಿ.