ಎಳ್ಳುಬೆಲ್ಲದ ಪೊಟ್ಟಣ, ಆರು ಪುಟದ ರಿಪೋರ್ಟು

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ, ಅದಕ್ಕೇ ನಾನು ಜಾಸ್ತಿ ಮಾತಾಡಲಿಲ್ಲ. ಪಾಪು ಮಲಗಿದ ಮೇಲೆ ನೀನು ನಿಧಾನವಾಗಿ ಓದಿಕೊಳ್ಳೋಕೆ ಅಂತ ಇದನ್ನು ಬರೆಯುತ್ತಿದ್ದೀನಿ.

ನೀನು ವಾಟ್ಸಾಪಿನಲ್ಲಿ ಕಳಿಸಿದ, ಪಾಪುವಿನ ಅಲರ್ಜಿ ರಕ್ತಪರೀಕ್ಷೆಯ ಆರು ಪುಟದ ರಿಪೋರ್ಟನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಅಕ್ಕಿ, ಗೋಧಿ, ತೊಗರಿ, ಟೊಮ್ಯಾಟೊ, ಬಾಳೆಹಣ್ಣು, ಹಾಲು, ಎಲ್ಲದರ ಮುಂದೂ ಕೆಂಪು ಗುರುತು. ಅದನ್ನು ನಂಬಿ ನೀನು ಹಾಲು ನಿಲ್ಲಿಸಿ, ಇಡ್ಲಿ ನಿಲ್ಲಿಸಿ, ಮೂರು ದಿನದಿಂದ ಆ ಎರಡೂವರೆ ವರ್ಷದ ಕೂಸಿಗೆ ಬರೀ ರಾಗಿ ಗಂಜಿ ಕುಡಿಸುತ್ತಿದ್ದೀಯಂತೆ. ಒಂದು ಪ್ರಶ್ನೆ ಕೇಳ್ತೀನಿ. ಸಂಕ್ರಾಂತಿಯ ಹಿಂದಿನ ದಿನದವರೆಗೂ ಅವನು ಇಡ್ಲಿ ತಿನ್ನುತ್ತಿದ್ದನಲ್ಲ, ಮಲಗುವಾಗ ಹಾಲು ಕುಡಿಯುತ್ತಿದ್ದನಲ್ಲ, ಯಾವತ್ತಾದರೂ ಮೈಮೇಲೆ ಒಂದು ದದ್ದು ಎದ್ದಿತ್ತಾ? ಇಲ್ಲ ಅಂತ ನೀನೇ ಹೇಳಿದೆ. ದಿನಾ ತಿಂದು ಅರಗಿಸಿಕೊಂಡ ಮೈಯ ಸಾಕ್ಷಿಗಿಂತ ಕಾಗದದ ಸಾಕ್ಷಿ ದೊಡ್ಡದಾಗಿಬಿಟ್ಟಿತಾ?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳ ಚಾಳಿ, ಸ್ವಲ್ಪ ಸಹಿಸಿಕೋ. ರಕ್ತದಲ್ಲಿ ಐಜಿಇ ಅಂತ ಒಂದು ಪ್ರತಿಕಾಯ ಇರುತ್ತೆ. ಬೀದಿನಾಯಿ ಹೊಸಬರನ್ನು ಕಂಡರೆ ಕಿವಿ ನಿಮಿರಿಸುತ್ತಲ್ಲ, ಹಾಗೆ. ಕಿವಿ ನಿಮಿರಿಸಿದ ನಾಯಿಯೆಲ್ಲ ಕಚ್ಚೋದಿಲ್ಲ. ರಕ್ತಪರೀಕ್ಷೆ ಎಣಿಸೋದು ನಿಮಿರಿದ ಕಿವಿಗಳನ್ನು ಮಾತ್ರ. ಇದು ನನ್ನ ಕಲ್ಪನೆಯಲ್ಲ. ನಮ್ಮ ಕರ್ನಾಟಕದ ವಯಸ್ಕರನ್ನೇ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಯಾವುದಾದರೂ ಒಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಕಂಡುಬಂದವರು ಶೇ. 26.5, ನಿಜವಾದ ಅಲರ್ಜಿ ಇದ್ದಿರಬಹುದಾದವರು ಶೇ. 1.2. ನಡುವಿನ ಅಂತರ ನೋಡು. ಆ ಅಂತರದಲ್ಲಿ ಬಿದ್ದವರೆಲ್ಲ ಸುಮ್ಮಸುಮ್ಮನೆ ಪಥ್ಯ ಹಿಡಿದರೆ ಗತಿ ಏನು? ಅದೂ ಅಲ್ಲದೆ, ಒಗ್ಗಿಕೊಂಡಿರುವ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿದರೆ ಕೆಲವು ಮಕ್ಕಳಿಗೆ ಆಮೇಲೆ ಅದೇ ಆಹಾರಕ್ಕೆ ನಿಜವಾಗಿಯೇ ಅಲರ್ಜಿ ಶುರುವಾಗೋದುಂಟು. ನಾಳೆಯೇ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ ಆ ಇಡ್ಲಿ, ಹಾಲು ಮತ್ತೆ ಶುರುಮಾಡು.

ರಿಪೋರ್ಟಿನ ತಲೆಬರಹವನ್ನೂ ಒಂದು ಸಲ ನೋಡು. ಐಜಿಇ ಅಂತಿದ್ದರೆ ನಾನು ಹೇಳಿದ ಮಾತು. ಐಜಿಜಿ ಅಂತಿದ್ದರೆ ಅದನ್ನು ಮಡಚಿ ಕಪಾಟಿನ ಹಾಳೆಯ ಕೆಳಗೆ ಹಾಕು. ಅದು ಬೇರೆ ಬಗೆಯ ಪ್ರತಿಕಾಯ, ತಿಂದದ್ದಕ್ಕೆಲ್ಲ ಬರೋದು ಸಹಜ. ಅಲರ್ಜಿ ತಜ್ಞರ ಸಂಘಗಳು ಆ ಪರೀಕ್ಷೆ ಬೇಡವೆಂದೇ ಹೇಳುತ್ತವೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಸಂಕ್ರಾಂತಿಯ ದಿನ ಪಕ್ಕದ ಮನೆಯವರು ಬೀರಿದ ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿ ಪಾಪು ಎರಡು ಚಿಟಿಕೆ ಬಾಯಿಗೆ ಹಾಕಿಕೊಂಡ. ಹದಿನೈದು ನಿಮಿಷದೊಳಗೆ ತುಟಿ ಊದಿತು, ಮೈತುಂಬ ದದ್ದು, ಒಂದು ಸಲ ವಾಂತಿ. ನಿಮ್ಮತ್ತೆ ಪಿತ್ತಗಂಧೆ ಅಂದರು, ದೃಷ್ಟಿ ತೆಗೆದರು. ಅವರನ್ನು ಬೈಯಬೇಡ. ನಮ್ಮ ಕಾಲದಲ್ಲಿ ಎಲ್ಲದಕ್ಕೂ ಇದ್ದದ್ದು ಎರಡೇ ಪದ, ಪಿತ್ತ ಮತ್ತು ನಂಜು. ನಮ್ಮಜ್ಜಿ ಬದನೆಕಾಯಿ ನಂಜು ಅಂತ ಬಾಣಂತಿಯರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದನ್ನೇ ಹಿಡಿದು ಪರೀಕ್ಷಿಸಿದಾಗ ತಿಳಿದದ್ದು ಏನು ಗೊತ್ತಾ? ಬದನೆ ತಿಂದು ತುರಿಕೆ ಅನ್ನುವವರಲ್ಲಿ ಹೆಚ್ಚಿನವರಿಗೆ ಐಜಿಇ ಅಲರ್ಜಿಯೇ ಇಲ್ಲ, ಬದನೆಯೊಳಗೇ ಇರುವ ಹಿಸ್ಟಮೀನ್‌ನಂಥ ವಸ್ತುಗಳ ಕೆಲಸ ಅದು. ಅಜ್ಜಿ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಪಾಪುವಿಗೆ ಆದದ್ದು ನಂಜಲ್ಲ ಕಣೇ.

ಪೊಟ್ಟಣದಲ್ಲಿ ಇದ್ದದ್ದು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ. ಬೆಲ್ಲ ಬಿಡು. ಕೊಬ್ಬರಿ ನಿಮ್ಮ ಮನೆ ಸಾರಿನ ಪುಡಿಯಲ್ಲಿದೆ, ಹುರಿಗಡಲೆ ದಿನದ ಚಟ್ನಿಯಲ್ಲಿದೆ, ಎರಡನ್ನೂ ಅವನು ತಿಂದಿದ್ದಾನೆ. ಉಳಿದದ್ದು ಎಳ್ಳು, ಕಡಲೆಕಾಯಿ. ನೂರು ಆಹಾರಕ್ಕೆ ಬಲೆ ಬೀಸುವ ಬದಲು ಈ ಎರಡರ ಬಗ್ಗೆ ಕೇಳಿದ್ದರೆ ಸಾಕಿತ್ತು. ಅಲರ್ಜಿ ತಜ್ಞರ ಹತ್ತಿರ ಹೋಗುವಾಗ ರಿಪೋರ್ಟಿಗಿಂತ ಮುಖ್ಯವಾಗಿ ಒಂದು ಹಾಳೆ ಒಯ್ಯಿ: ಏನು ತಿಂದ, ಎಷ್ಟು, ಎಷ್ಟು ಹೊತ್ತಿಗೆ ಏನಾಯಿತು, ಎಷ್ಟು ಹೊತ್ತಿಗೆ ಇಳಿಯಿತು. ಮೊಬೈಲಿನಲ್ಲಿ ತೆಗೆದ ತುಟಿಯ ಫೋಟೋನೂ ತೋರಿಸು.

ಅವರು ಚರ್ಮದ ಪರೀಕ್ಷೆ ಮಾಡಬಹುದು. ಮುಂಗೈ ಮೇಲೋ ಬೆನ್ನ ಮೇಲೋ ಒಂದೊಂದು ಹನಿ ಇಟ್ಟು ಮೇಲ್ಮೇಲೆ ಚುಚ್ಚುತ್ತಾರೆ, ರಕ್ತ ಬರೋದಿಲ್ಲ, ಹದಿನೈದು ನಿಮಿಷಕ್ಕೆ ಸೊಳ್ಳೆ ಕಚ್ಚಿದ ಹಾಗೆ ಊದಿತಾ ಅಂತ ಅಳೆಯುತ್ತಾರೆ. 3 ಮಿಲಿಮೀಟರಿನಿಂದ ಲೆಕ್ಕಕ್ಕೆ. ಪಾಪುವಿಗೆ ಶೀತದ ಸಿರಪ್ ಕುಡಿಸುವ ಅಭ್ಯಾಸ ನಿನಗಿದೆ. ಅದರಲ್ಲಿ ಅಲರ್ಜಿ ಅಡಗಿಸುವ ಔಷಧಿ ಇದ್ದರೆ ಪರೀಕ್ಷೆಯೇ ಸುಳ್ಳಾಗುತ್ತೆ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಫೋನಿನಲ್ಲೇ ಕೇಳಿಕೋ. ಅದಾದ ಮೇಲೂ ಅನುಮಾನ ಉಳಿದರೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸಾಸಿವೆಯಷ್ಟರಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡುತ್ತಾರೆ. ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಅದೇ. ಅಡುಗೆಮನೆಯಲ್ಲಿ ನೀನೇ ಆ ಸಾಹಸ ಮಾಡಬೇಡ, ನಿನ್ನ ಗಂಡನಿಗೂ ಹೇಳು.

ಅಲ್ಲಿಯವರೆಗೆ ಎಳ್ಳು, ಕಡಲೆಕಾಯಿ ಎರಡೂ ಬೇಡ. ಇಲ್ಲಿ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿರು. ಪುಳಿಯೋಗರೆ ಗೊಜ್ಜಿನಲ್ಲಿ ಎರಡೂ ಇವೆ. ಚಿತ್ರಾನ್ನದಲ್ಲಿ ಬೀಜ, ನಿಮ್ಮ ಹುಬ್ಬಳ್ಳಿ ಓರಗಿತ್ತಿ ಕಳಿಸುವ ಶೇಂಗಾ ಹಿಂಡಿ, ಬೇಕರಿಯ ಬನ್ನಿನ ಮೇಲಿನ ಎಳ್ಳು. ಈಗ ಎಲ್ಲರೂ ಆರೋಗ್ಯ ಅಂತ ಗಾಣದ ಎಣ್ಣೆಗೆ ಬಿದ್ದಿದ್ದಾರೆ. ಚೆನ್ನಾಗಿ ಸಂಸ್ಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಗಾಣದ್ದರಲ್ಲಿ ಉಳಿದಿರುತ್ತೆ. ಅಲರ್ಜಿ ಹುಟ್ಟಿಸೋದು ಪ್ರೋಟೀನೇ. ಪ್ಯಾಕೆಟ್ಟಿನ ಹಿಂಬದಿ ಓದುವಾಗಲೂ ಒಂದು ತೊಡಕಿದೆ. ಎಫ್‌ಎಸ್‌ಎಸ್‌ಎಐ 2020ರ ನಿಯಮದಲ್ಲಿ ಅಲರ್ಜಿಕಾರಕವೆಂದು ಬೇರೆಯಾಗಿ ತೋರಿಸಬೇಕಾದ ಪಟ್ಟಿಗೆ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಗೋಡಂಬಿಯಂಥವು, ಸೋಯಾ ಎಲ್ಲ ಸೇರಿದವು, ಎಳ್ಳು ಸೇರಲಿಲ್ಲ. ಎಳ್ಳುಂಡೆ ಕಟ್ಟುವ ದೇಶದಲ್ಲಿ ಇದೊಂದು ವಿಚಿತ್ರ! ಹಾಗಾಗಿ ಅಲರ್ಜಿಯ ಸಾಲನ್ನು ಮಾತ್ರ ನಂಬದೆ ಪದಾರ್ಥಗಳ ಪೂರ್ತಿ ಪಟ್ಟಿ ಓದು.

ನಮ್ಮ ಮಗನ ಅಲರ್ಜಿಯ ವಿಷಯ ನಿನಗೆ ಪೂರ್ತಿ ಗೊತ್ತಿಲ್ಲ, ಆಗ ನೀನಿನ್ನೂ ಅಂಗನವಾಡಿ. ಆರು ವರ್ಷದವನು ಒಂದು ಮದುವೆ ಮನೆಯಲ್ಲಿ ಗೋಡಂಬಿ ಹಾಕಿದ ಪಾಯಸ ಕುಡಿದ. ಎರಡನೇ ಪಂಕ್ತಿ ಏಳುವಷ್ಟರಲ್ಲಿ ದನಿ ಒಡೆದ ಹಾಗಾಯಿತು, ಕೆಮ್ಮು, ಕೈಕಾಲು ಸೋತು ಬಿದ್ದ. ನಾನು ಅವನನ್ನು ಎತ್ತಿ ನಿಲ್ಲಿಸಿ ನಡೆಸಿಕೊಂಡು ಆಟೋವರೆಗೆ ಹೋದೆ. ಅದು ತಪ್ಪು ಅಂತ ಆಮೇಲೆ ತಿಳಿಯಿತು. ಅಂಥ ಹೊತ್ತಿನಲ್ಲಿ ನಿಲ್ಲಿಸಬಾರದು, ನಡೆಸಬಾರದು. ಮಲಗಿಸಬೇಕು, ಉಸಿರು ಕಟ್ಟುತ್ತಿದ್ದರೆ ಕೂರಿಸಿಕೊಳ್ಳಬೇಕು. ಉಸಿರು, ದನಿ, ಮೇಲಿಂದ ಮೇಲೆ ವಾಂತಿ, ಮಂಕು, ಇವು ಕಂಡರೆ ಅಲರ್ಜಿ ಮಾತ್ರೆ ಸಾಲದು. ಅಡ್ರಿನಲಿನ್ ಇಂಜೆಕ್ಷನ್ನೇ ಬೇಕು, ತೊಡೆಯ ಹೊರಮಗ್ಗುಲಿಗೆ, ತಡಮಾಡದೆ, ಆಮೇಲೆ 108. ಇಳಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿ, ಎರಡನೇ ಸಲ ಏರೋದುಂಟು. ಹೊರದೇಶದಲ್ಲಿ ಪೆನ್ನಿನಂಥ ಇಂಜೆಕ್ಷನ್ ಸಿಗುತ್ತೆ, ಇಲ್ಲಿ ಹುಡುಕಿದರೂ ಸಿಗೋದು ಕಷ್ಟ. ಡಾಕ್ಟರು ಬೇಕೆಂದರೆ ಆಂಪೂಲು, ಸಿರಿಂಜು ಕೊಟ್ಟು, ಪಾಪುವಿನ ತೂಕಕ್ಕೆ ಎಷ್ಟು ಎಳೆಯಬೇಕು ಅಂತ ಬರೆದು, ನಿನ್ನ ಕೈಯಲ್ಲಿ ಅಭ್ಯಾಸ ಮಾಡಿಸಲಿ. ನಿಮ್ಮತ್ತೆಗೂ ಕಲಿಸು. ಮಗು ಹೆಚ್ಚು ಹೊತ್ತು ಇರೋದು ಅವರ ಮಡಿಲಲ್ಲೇ.

ಹಾಲು, ಮೊಟ್ಟೆಯ ಅಲರ್ಜಿ ಬೆಳೆಯುತ್ತಾ ಹೆಚ್ಚಿನ ಮಕ್ಕಳಿಗೆ ಬಿಟ್ಟುಹೋಗುತ್ತೆ. ಕಡಲೆಕಾಯಿಯದು ಐವರಲ್ಲಿ ಒಬ್ಬರಿಗೆ ಹೋದರೆ ಪುಣ್ಯ. ಮಧ್ಯೆ ಮಧ್ಯೆ ಮತ್ತೆ ಪರೀಕ್ಷೆ ಮಾಡಿಸುತ್ತಿರಬೇಕು. ನಮ್ಮವನ ಗೋಡಂಬಿಯದು ಹೋಗಲಿಲ್ಲ. ಈಗ ಅವನಿಗೆ ಮೂವತ್ತನಾಲ್ಕು, ಹೋಟೆಲಿಗೆ ಹೋದರೆ ಮೊದಲು ಅಡುಗೆಯವರನ್ನೇ ಕರೆಸಿ ಕೇಳುತ್ತಾನೆ. ಜೊತೆಯವರಿಗೆ ಮುಜುಗರ, ಅವನಿಗಿಲ್ಲ.

ಬರುವ ಸಂಕ್ರಾಂತಿಗೆ ಪಾಪುವಿನ ತಟ್ಟೆಗೆ ಸಕ್ಕರೆ ಅಚ್ಚು, ಬೆಲ್ಲ, ಕೊಬ್ಬರಿ, ಹುರಿಗಡಲೆ ಇಡೋಣ. ಹುರಿಗಡಲೆಯನ್ನು ಎಳ್ಳುಬೆಲ್ಲದ ರಾಶಿಯ ಪಕ್ಕದಿಂದ ಅಳೆದುಕೊಡುವ ಅಂಗಡಿಯಲ್ಲಿ ತರಬೇಡ. ಕೊಬ್ಬರಿಯನ್ನು ನಾನೇ ಹೆಚ್ಚಿ ಒಣಗಿಸಿ ಕಳಿಸ್ತೀನಿ, ಅದಕ್ಕೇ ಅಂತ ಹೊಸ ಈಳಿಗೆಮಣೆ ತಂದಿಟ್ಟಿದ್ದೀನಿ.

ನಿನ್ನ ದೊಡ್ಡಮ್ಮ